ಠಾಣೆಗೆ ಹೋಗುತ್ತಿದ್ದ ಡಬ್ಬಿ

ಅನ್ವರ್ ಸಾಹೇಬರನ್ನು ಪೊಲೀಸರು ಹಿಡಿದುಕೊಂಡು ಹೋದದ್ದು ಅವರ ಮೀಸೆಯ ದೆಸೆಯಿಂದ ಎಂದು ನಂಬಿ ನನ್ನ ಮೀಸೆಯನ್ನು ಬೋಳಿಸಿಕೊಂಡವನು ನಾನು. ತಪ್ಪು ಪೂರ್ತಿ ನನ್ನದಲ್ಲ. ಯಶವಂತಪುರದ ಗೂಡ್ಸ್ ಶೆಡ್ಡಿನ ಹಿಂದೆ ನಾವಿದ್ದ ವಠಾರದ ಮಾಲೀಕರು ಮುನಿಆಂಜಿನಪ್ಪನವರು. ಅಂದು ಸಂಜೆ ಕಾರ್ಖಾನೆಯಿಂದ ಬಂದವನನ್ನು ಅವರು ಹಸುವಿನ ಕೊಟ್ಟಿಗೆಯ ಹತ್ತಿರ ತಡೆದು, ಅತ್ತಿತ್ತ ನೋಡಿ, "ಗುಮಾಸ್ತ್ರೇ, ಇಂಗಾಗೋಯ್ತು ನೋಡಿ. ಅನ್ವರ್ ಸಾಬ್ರುನ್ನ ಪೋಲೀಸ್ನೋರು ಕರ್ಕಂಡೋದ್ರು. ಅದೇನೋ ಮೀಸೆ ಕಾಯ್ದೆ ಅಂತೆ," ಎಂದರು.

ಅದು ೧೯೭೬, ತುರ್ತುಪರಿಸ್ಥಿತಿಯ ಕಾಲ. ಬಸ್ಸುಗಳೆಲ್ಲ ಹೊತ್ತಿಗೆ ಸರಿಯಾಗಿ ಓಡುತ್ತಿವೆ ಎಂದು ರೇಡಿಯೋ ಹೇಳುತ್ತಿತ್ತು. ಬಸ್ಸು ಕಾಯುತ್ತ ನಿಂತ ನಾವು ಕೇಳುತ್ತಿದ್ದೆವು. ಉದ್ದ ಕೂದಲು ಬಿಟ್ಟ ಹುಡುಗರನ್ನು ಹಿಡಿದು ತಲೆ ಬೋಳಿಸುತ್ತಾರೆಂದು ಸುದ್ದಿಯಿತ್ತು. ಕೂದಲಿಗೆ ಕಾನೂನು ಬಂದಿದ್ದರೆ ಮೀಸೆಗೆ ಯಾಕೆ ಬರಬಾರದು? ಅನ್ವರ್ ಸಾಹೇಬರ ಮೀಸೆಯೂ ಅಂಥದ್ದೇ. ಎರಡು ತುದಿಯೂ ಮೇಲಕ್ಕೆ ತಿರುಗಿ, ಟಾರ್ಪಾಲ್ ಹೊಲಿಯಲು ಬಗ್ಗಿದಾಗ ಮುಖಕ್ಕಿಂತ ಮೊದಲು ಅದೇ ಕಾಣುತ್ತಿತ್ತು. ನನ್ನದು ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥದ್ದು. ಆದರೂ ಸರ್ಕಾರಕ್ಕೆ ಕಂಡೀತೆಂಬ ಭಯದಲ್ಲಿ ಮಾರನೆಯ ಬೆಳಿಗ್ಗೆ ತೆಗೆದುಬಿಟ್ಟೆ.

ನಮ್ಮ ಕಡೆ ಮೀಸೆ ಬೋಳಿಸುವುದು ಹೆತ್ತವರು ತೀರಿಕೊಂಡಾಗ. ಸ್ಪ್ರಿಂಗ್ ಕಾರ್ಖಾನೆಯಲ್ಲಿ ನಾನು ಹಾಜರಿ ಗುಮಾಸ್ತ. ಒಳಗೆ ಕಾಲಿಟ್ಟ ಕೂಡಲೇ ಒಬ್ಬೊಬ್ಬರೇ ಬಂದು ಹೆಗಲು ಹಿಡಿಯತೊಡಗಿದರು.

"ಒಂದು ಮಾತು ತಿಳಿಸಬಾರದಾ ಮಗಾ? ತಂದೆಯವರು ಯಾವಾಗ ಹೋದ್ರು?"

"ಎಲ್ಲೂ ಹೋಗಿಲ್ಲ. ಯಲಹಂಕದಲ್ಲಿ ಗಟ್ಟಿಮುಟ್ಟಾಗಿದ್ದಾರೆ."

"ಮತ್ತೆ ಮೀಸೆ?"

ಕಾರಣ ಹೇಳಿದೆ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಫಿಟ್ಟರ್ ಮೊಯಿನುದ್ದೀನ್ ಮಾತ್ರ ನಗಲಿಲ್ಲ. "ಮೀಸೆ ಅಲ್ಲ ಗುರು, ಮೀಸಾ. ಯಾಕೆ ಹಿಡಿದ್ವಿ ಅಂತ ಹೇಳದೇನೇ ಹಿಡಿದಿಟ್ಟುಕೊಳ್ಳೋ ಕಾನೂನು," ಎಂದು ಮೆಲ್ಲಗೆ ಹೇಳಿ ತನ್ನ ಯಂತ್ರದ ಕಡೆ ಹೋದ.

ಆ ಸಂಜೆ ನನ್ನ ಬೋಳು ತುಟಿಯನ್ನು ತೋರಿಸಿ ಅನ್ವರ್ ಸಾಹೇಬರ ಹೆಂಡತಿಯನ್ನು ಒಂದಿಷ್ಟು ನಗಿಸೋಣವೆಂದು ಅವರ ಬಾಗಿಲಿಗೆ ಹೋದೆ. ಅವರ ಹೆಸರು ಅಕ್ಬರಿ. ನನಗೆ ಅಕ್ಬರಿ ಆಪಾ, ಮುನಿಆಂಜಿನಪ್ಪನವರ ಬಾಯಲ್ಲಿ ಅಕ್ಬರಮ್ಮ, ಎರಡಕ್ಕೂ ಓಗೊಡುತ್ತಿದ್ದರು. ಮನೆಯೊಳಗೆ ದಖನಿ ಉರ್ದು, ನಲ್ಲಿಯ ಹತ್ತಿರ ಕನ್ನಡ, ತರಕಾರಿ ಗಾಡಿಯ ಹತ್ತಿರ ತಮಿಳು. ಕನ್ನಡದಲ್ಲಿ ಅವರಿಗೆ ಬಲು ಇಷ್ಟವಾದ ಮಾತು 'ಅಂತೆ'. ಹಿಂದೆ ಒಮ್ಮೆ ನೀರು ಹಿಡಿಯುವಾಗ ಅದನ್ನೇ ಹೇಳಿದ್ದರು. "ನಮ್ಮಲ್ಲೂ ಇದೆ ಭಯ್ಯಾ. ಅದಕ್ಕೆ 'ಕತೆ' ಅಂತೀವಿ. ಆಯಾ ಕತೆ, ಗಯಾ ಕತೆ. ಬಂದನಂತೆ, ಹೋದನಂತೆ. ಕಣ್ಣಲ್ಲಿ ನೋಡಿದ್ರೆ ಅದನ್ನ ಸೇರಿಸಬಾರದು."

"ನಮ್ಮಲ್ಲಿ ಕತೆ ಅಂದ್ರೆ ಕತೇನೇ ಆಪಾ," ಎಂದು ನಾನು ಜಾಣನಂತೆ ನಕ್ಕಿದ್ದೆ.

ಈ ಸಂಜೆ ಅವರು ನಗಲಿಲ್ಲ, ಬೇಸರಪಡಲೂ ಇಲ್ಲ. ನನ್ನ ತುಟಿಯನ್ನು ನೋಡಿ, "ಮೀಸೆಗೇ ಹಿಡಿದಿದ್ರೆ ಚೆನ್ನಾಗಿತ್ತು ಭಯ್ಯಾ. ನಾನೇ ಕತ್ತರಿ ತಗೊಂಡು ಹೋಗ್ತಿದ್ದೆ," ಎಂದರು. ಮಗಳು ಮಲ್ಕಾ, ಇನ್ನೂ ಸರಿಯಾಗಿ ಮಾತು ಬಾರದ ಕೂಸು, ಅವರ ಮಡಿಲಲ್ಲಿ ನಿದ್ದೆ ಹೋಗಿದ್ದಳು.

ನಡೆದದ್ದು ಇಷ್ಟು. ಹಿಂದಿನ ದಿನ ಮಧ್ಯಾಹ್ನ ಅನ್ವರ್ ಸಾಹೇಬರು ಜಗಲಿಯಲ್ಲಿ ಕೂತು ಒಂದು ಲಾರಿ ಟಾರ್ಪಾಲಿನ ಮೂಲೆ ಹೊಲಿಯುತ್ತಿದ್ದರು. ಜೀಪು ಬಂತು. ಇನ್ಸ್‌ಪೆಕ್ಟರ ಕೈಯಲ್ಲಿ ಹರಿದ ಟಾರ್ಪಾಲಿನ ಒಂದು ತುಂಡಿತ್ತು. "ಇದು ನಿನ್ನ ಹೊಲಿಗೆ ತಾನೆ?" ಎಂದು ಕೇಳಿದರು. ಅನ್ವರ್ ಸಾಹೇಬರು ಮೂಲೆಗೆ ಹಾಕುತ್ತಿದ್ದ ಗಂಟು ಗೂಡ್ಸ್ ಶೆಡ್ಡಿಗೆಲ್ಲ ಗೊತ್ತಿದ್ದದ್ದು. "ನಂದೇ ಸ್ವಾಮಿ. ಬಟ್ಟೆ ಹರೀಬಹುದು, ಈ ಗಂಟು ಬಿಚ್ಚಲ್ಲ, ಎಳೆದು ನೋಡಿ," ಎಂದು ಹೆಮ್ಮೆಯಿಂದಲೇ ಒಪ್ಪಿಕೊಂಡರು. ಆ ಟಾರ್ಪಾಲು ಸಕ್ಕರೆ ಮೂಟೆ ಕದ್ದು ಸಾಗಿಸಿದ ಲಾರಿಯ ಮೇಲಿತ್ತಂತೆ. ಹೊಲಿಸಿಕೊಂಡು ಹೋದವನ ಹೆಸರು ಅವರಿಗೆ ಗೊತ್ತಿರಲಿಲ್ಲ. ಲಾರಿಯವರ ಹೆಸರು ಯಾವ ಟಾರ್ಪಾಲಿನವನು ಕೇಳುತ್ತಾನೆ? "ಠಾಣೆಗೆ ಬಂದು ಹೇಳಿ ಹೋಗು. ಐದು ನಿಮಿಷ ವಿಚಾರಣೆ," ಎಂದರು ಇನ್ಸ್‌ಪೆಕ್ಟರು.

"ಕಾಗದ ಏನಾದ್ರೂ ಇದೆಯಾ ಅಂತ ನಾನು ಕೇಳ್ದೆ," ಎಂದರು ಆಪಾ. "'ಈಗಿನ ಕಾಲದಲ್ಲಿ ಕಾಗದ ಕೇಳ್ತೀಯಲ್ಲಮ್ಮ' ಅಂತ ನಕ್ರು. ಇವರು ದಬ್ಬಳನ ಬಟ್ಟೆಗೆ ಚುಚ್ಚಿಟ್ಟು ಎದ್ರು. 'ಆತೂಂ' ಅಂದ್ರು. ಬರ್ತೀನಿ ಅಂತ."

ನಾವೂ ಹೊರಡುವಾಗ ಬರ್ತೀನಿ ಎಂದೇ ಹೇಳುವುದು. ಹೋಗ್ತೀನಿ ಎಂದರೆ ಮನೆಯವರು ಬೈಯುತ್ತಾರೆ.

ಮರುದಿನದಿಂದ ಆಪಾ ಠಾಣೆಗೆ ಡಬ್ಬಿ ಒಯ್ಯತೊಡಗಿದರು. ಠಾಣೆಯ ಹೆಸರು ಬೇಡ. ಇಂದಿಗೂ ನಾನು ಸೈಕಲ್ ಇಳಿದೇ ಅದರ ಮುಂದೆ ದಾಟುತ್ತೇನೆ; ಅಷ್ಟು ಧೈರ್ಯವಂತ. ಬಾಗಿಲಲ್ಲಿ ನಿಲ್ಲುತ್ತಿದ್ದ ಪೇದೆ ಮುನಿಯಲ್ಲಪ್ಪ, ಮೆತ್ತಗಿನ ಮನುಷ್ಯ. ಒಳಗೆ ಬಿಡುವ ಅಧಿಕಾರ ಅವನಿಗಿರಲಿಲ್ಲ. ಡಬ್ಬಿ ಇಸಿದುಕೊಂಡು ಒಳಗೆ ಹೋಗುತ್ತಿದ್ದ, ಸ್ವಲ್ಪ ಹೊತ್ತಿಗೆ ಖಾಲಿ ಡಬ್ಬಿ ತಂದು ಕೊಡುತ್ತಿದ್ದ.

ಮೊದಲ ದಿನ ಆಪಾ ಮನೆಗೆ ಬಂದವರೇ ನನ್ನನ್ನು ಕರೆದು ಡಬ್ಬಿಯ ಮುಚ್ಚಳ ತೋರಿಸಿದರು. ಮುಚ್ಚಳದ ಅಂಚಿನಲ್ಲಿ ಕರಿಬೇವಿನ ಎಲೆಗಳು ಒಂದರ ಪಕ್ಕ ಒಂದು ಅಂಟಿಕೊಂಡಿದ್ದವು. ಅನ್ವರ್ ಸಾಹೇಬರಿಗೆ ಕರಿಬೇವು ಆಗುತ್ತಿರಲಿಲ್ಲ. ಎಷ್ಟು ಸಣ್ಣ ಎಲೆಯಿದ್ದರೂ ಹುಡುಕಿ ತೆಗೆದು ಹಾಗೆ ಸಾಲಾಗಿ ಇಡುತ್ತಿದ್ದರು. ಅದರ ಮೇಲೆ ಗಂಡ ಹೆಂಡತಿಗೆ ದಿನವೂ ಜಗಳವಿತ್ತು. ಗೋಡೆಯಾಚೆಯಿಂದ ನಾನೇ ಕೇಳಿದ್ದೇನೆ. "ಹಾಕಬೇಡ ಅಂದ್ರೆ ಹಾಕ್ತೀಯ." "ಹಾಕದಿದ್ರೆ ಖಟ್ಟಾ ದಾಲ್ ಹೇಗಾಗತ್ತೆ, ನಿಮ್ಮ ಮೀಸೆ ಹಾಕ್ಲಾ?"

"ಊಟ ಮಾಡಿದ್ದಾರೆ ಭಯ್ಯಾ," ಎಂದರು ಆಪಾ, ಮುಚ್ಚಳವನ್ನು ಬೆಳಕಿಗೆ ಹಿಡಿದು. "ಮುನಿಯಲ್ಲಪ್ಪನವರೂ ಹೇಳಿದ್ರು. 'ಸಾರು ಚೆನ್ನಾಗಿತ್ತಂತೆ' ಅಂದ್ರು."

ಅಂದಿನಿಂದ ಅವರು ಒಗ್ಗರಣೆಗೆ ಕರಿಬೇವನ್ನು ಹಿಡಿ ತುಂಬ ಹಾಕತೊಡಗಿದರು. ಹೆಚ್ಚು ಎಲೆ ವಾಪಸು ಬಂದಷ್ಟೂ ಗಂಡನ ಕೈ ಹೆಚ್ಚು ಆಡಿದ ಹಾಗೆ. ಮುನಿಆಂಜಿನಪ್ಪನವರು ಹಿತ್ತಲಿನ ಗಿಡದಿಂದ ತಾವೇ ಕಡ್ಡಿ ಮುರಿದು ಕೊಡುತ್ತಿದ್ದರು. "ತಗಳಮ್ಮ ಅಕ್ಬರಮ್ಮ. ಗಿಡ ಬೋಳಾದ್ರೂ ಚಿಂತೆ ಇಲ್ಲ," ಎನ್ನುತ್ತಿದ್ದರು. ಠಾಣೆಗೆ ಜೊತೆಯಲ್ಲಿ ಬನ್ನಿ ಎಂದರೆ ಮಾತ್ರ ಅವರಿಗೆ ಹಸುವಿನ ಹಾಲು ಕರೆಯುವ ಹೊತ್ತಾಗುತ್ತಿತ್ತು. ನನಗೂ ಕಾರ್ಖಾನೆಯ ಹೊತ್ತಾಗುತ್ತಿತ್ತು.

ರಜೆ ಸಿಕ್ಕ ಒಂದು ದಿನ ಆಪಾರನ್ನು ಕರೆದುಕೊಂಡು ಹೆಬ್ಬಾಳದ ವಕೀಲ ಶ್ರೀರಾಮಪ್ಪನವರ ಬಳಿ ಹೋದೆ. ಅವರು ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೀಸಾದಲ್ಲಿ ಹಿಡಿದಿದ್ರೆ ಜೈಲಲ್ಲಿ ಇರ್ತಿದ್ದ, ಅಲ್ಲಿ ಹೆಸರಾದ್ರೂ ಇರ್ತಿತ್ತು. ವಿಚಾರಿಸಿದೆ. ಹೆಸರಿಲ್ಲ. ಇದು ಯಾವ ಕಾಯ್ದೇನೂ ಅಲ್ಲ, ಸುಮ್ಮನೆ ಇಟ್ಟುಕೊಂಡಿರೋದು."

"ಮಾಮೂಲಿ ದಿನದಲ್ಲಾದ್ರೆ ಏನು ಮಾಡ್ತಿದ್ರಿ ಸಾರ್?"

"ಹಿಡಿದ ಮಾರನೇ ದಿನದೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ನಿಲ್ಲಿಸದಿದ್ರೆ, 'ಮನುಷ್ಯನ್ನ ತಂದು ತೋರಿಸಿ' ಅಂತ ಕೋರ್ಟಿಗೆ ಹೋಗಬಹುದು. ಆ ಹಕ್ಕು ಈಗ ಅಮಾನತ್ತಿನಲ್ಲಿದೆ."

ನನಗೆ ಅಮಾನತು ಗೊತ್ತಿದ್ದದ್ದು ಕಾರ್ಖಾನೆಯಿಂದ. "ನಮ್ಮಲ್ಲಿ ಅಮಾನತ್ತಾದವನಿಗೆ ಅರ್ಧ ಸಂಬಳ ಕೊಡ್ತಾರೆ ಸಾರ್. ಹಕ್ಕಿಗೆ ಅರ್ಧವೂ ಇಲ್ವಾ?" ಎಂದೆ.

ಶ್ರೀರಾಮಪ್ಪನವರು ನನ್ನ ಕಡೆ ಕನಿಕರದಿಂದ ನೋಡಿದರು. ಆಮೇಲೆ ಆಪಾರಿಗೆ, "ಡಬ್ಬಿ ಇಸ್ಕೊಳ್ತಿದ್ದಾರಾ? ಹಾಗಾದ್ರೆ ನಿಲ್ಲಿಸಬೇಡಿ ತಾಯಿ. ಸದ್ಯಕ್ಕೆ ನಿಮ್ಮ ಕೈಯಲ್ಲಿರೋದು ಅದೊಂದೇ," ಎಂದರು.

ಆಪಾ ನಿಲ್ಲಿಸಲಿಲ್ಲ. ಅನ್ವರ್ ಸಾಹೇಬರನ್ನು ಕರೆದೊಯ್ದಾಗ ಮಾವಿನಕಾಯಿ ಬಂದಿತ್ತು. ಡಬ್ಬಿಯಲ್ಲಿ ಮೊದಲು ಹೋದದ್ದು ಮಾವಿನಕಾಯಿ ಹಾಕಿದ ದಾಲ್. ಮಾವು ಹಣ್ಣಾಗಿ ಮುಗಿಯಿತು. ರಂಜಾನ್ ಬಂತು, ಹಗಲು ಡಬ್ಬಿ ಬೇಡವೆಂದು ಇಫ್ತಾರಿನ ಹೊತ್ತಿಗೆ ಖರ್ಜೂರ ಇಟ್ಟು ಒಯ್ದರು. ಮುನಿಯಲ್ಲಪ್ಪ ಅದನ್ನೂ ಇಸಿದುಕೊಂಡ. ಸೀಬೆ ಬಂತು, ಅವರೆಕಾಯಿ ಬಂತು. ಗಂಡ ಚುಚ್ಚಿಟ್ಟ ದಬ್ಬಳವನ್ನು ಕಿತ್ತು ಆ ಟಾರ್ಪಾಲಿನ ಮೂಲೆಯನ್ನು ತಾವೇ ಮುಗಿಸಿ ಲಾರಿಯವನಿಗೆ ಕೊಟ್ಟರು. ಆಮೇಲೆ ಬೇರೆ ಲಾರಿಯವರೂ ತಂದುಹಾಕತೊಡಗಿದರು. ಬೆಳಿಗ್ಗೆ ಅಡಿಗೆ, ಮಧ್ಯಾಹ್ನ ಠಾಣೆ, ಸಂಜೆ ಹೊಲಿಗೆ. ಮುಚ್ಚಳವನ್ನು ನನಗೆ ತೋರಿಸುವುದನ್ನು ಯಾವಾಗಲೋ ಬಿಟ್ಟಿದ್ದರು. ದಿನವೂ ತೋರಿಸಲು ಅದೇನು ಪ್ರೋಗ್ರೆಸ್ ಕಾರ್ಡೇ ಎಂದುಕೊಂಡು ನಾನೂ ಕೇಳಲಿಲ್ಲ.

ಚುನಾವಣೆ ನಡೆದು ಸರ್ಕಾರ ಬಿತ್ತು. ತುರ್ತುಪರಿಸ್ಥಿತಿ ಹೋಯಿತು. ಜೈಲಿನಿಂದ ಬಿಡುಗಡೆಯಾದವರಿಗೆ ಹಾರ ಹಾಕಿದ ಫೋಟೋಗಳು ಪತ್ರಿಕೆಯಲ್ಲಿ ಬಂದವು. ಆಪಾ ಅಂದು ಡಬ್ಬಿಯ ಜೊತೆ ಇಸ್ತ್ರಿ ಮಾಡಿದ ಒಂದು ಜುಬ್ಬಾವನ್ನೂ ತೆಗೆದುಕೊಂಡು ಹೊರಟರು. ಕಾರ್ಖಾನೆಗೆ ರಜೆಯಿತ್ತು, ಕಾಲ ಬದಲಾಯಿತೆಂಬ ಧೈರ್ಯದಲ್ಲಿ ಮೊದಲ ಬಾರಿಗೆ ನಾನೂ ಜೊತೆಗೆ ಹೋದೆ.

ಮುನಿಯಲ್ಲಪ್ಪ ಡಬ್ಬಿಗೆ ಕೈ ಚಾಚಲಿಲ್ಲ.

"ಇನ್ಮೇಲೆ ತರಬೇಡಮ್ಮ," ಎಂದ.

"ಬಿಡ್ತಾರಾ ಇವತ್ತು?"

"ನಿನ್ನ ಗಂಡನ್ನ ಅವತ್ತೇ ಸಂಜೆ ಬಿಟ್ಟಾಯ್ತಂತಲ್ಲಮ್ಮ. ಸಾಹೇಬ್ರು ಹೇಳಿದ್ರು. ಕರ್ಕೊಂಡ್ ಬಂದಿದ್ದು ನಿಜ, ವಿಚಾರಿಸಿದ್ದು ನಿಜ, ಸಂಜೆ ಕಳಿಸಿದ್ದೂ ನಿಜ ಅಂತೆ."

"ಮತ್ತೆ ಇಷ್ಟು ದಿನ ನನ್ನ ಡಬ್ಬಿ ತಿಂದೋರು ಯಾರು?"

ಮುನಿಯಲ್ಲಪ್ಪ ತನ್ನ ಬೂಟು ನೋಡಿಕೊಂಡ. ನಾನು ಏನಾದರೂ ಹೇಳಬೇಕಿತ್ತು. ಹೇಳಲೆಂದು ಗಂಟಲು ಸರಿಮಾಡಿಕೊಂಡೆ, ಒಳಗಿನಿಂದ ಯಾರೋ "ಯಾರದು?" ಎಂದರು; "ಯಾರೂ ಇಲ್ಲ ಸಾರ್" ಎಂದುಬಿಟ್ಟೆ.

ಮನೆಯ ಹಾದಿಯಲ್ಲಿ ತುಂಬಿದ ಡಬ್ಬಿಯನ್ನು ನಾನು ಹಿಡಿದುಕೊಳ್ಳುತ್ತೇನೆ ಎಂದರೂ ಆಪಾ ಕೊಡಲಿಲ್ಲ. ವಠಾರದಲ್ಲಿ ಯಾರಿಗೂ ಆ ಅನ್ನವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಮುನಿಆಂಜಿನಪ್ಪನವರ ಹೆಂಡತಿ ಗೋಪಾಲಮ್ಮ, "ಅಸುವಿಗೆ ಆಕ್ಲಾ ಅಕ್ಬರಮ್ಮ?" ಎಂದು ಕೇಳಿದರು. ಆಪಾ ಬೇಡವೆಂದು ತಲೆಯಾಡಿಸಿ, ಜಗಲಿಯಲ್ಲಿ ಕೂತು, ಡಬ್ಬಿ ತೆರೆದು ತಾವೇ ತಿಂದರು. ಅವರಿಗೆ ಕರಿಬೇವೆಂದರೆ ಇಷ್ಟ. ಅಂದು ಒಂದೊಂದೇ ಎಲೆ ತೆಗೆದು ಮುಚ್ಚಳದ ಅಂಚಿಗಿಟ್ಟರು.

ಹಕ್ಕಿನ ಅಮಾನತು ಮುಗಿದಿತ್ತು. ಶ್ರೀರಾಮಪ್ಪನವರು, ಮನುಷ್ಯನನ್ನು ತಂದು ತೋರಿಸಿ ಎಂದು ಹೈಕೋರ್ಟಿಗೆ ಅರ್ಜಿ ಹಾಕಿದರು. ನಿಜಾಂಶ ತಿಳಿಯಲೆಂದು ಕೆಳಗಿನ ಕೋರ್ಟಿನ ಜಡ್ಜರ ಮುಂದೆ ವಿಚಾರಣೆಯಾಯಿತು. ಅನ್ವರ್ ಸಾಹೇಬರನ್ನು ಅಂದು ಸಂಜೆಯೇ ಬಿಟ್ಟೆವೆಂದು ಪೊಲೀಸರು ಬರೆದುಕೊಟ್ಟಿದ್ದರು. ಬಿಟ್ಟದ್ದನ್ನು ನೋಡಿದವರು ಯಾರೂ ಇರಲಿಲ್ಲ, ಬಿಡದೆ ಇದ್ದದ್ದನ್ನು ನೋಡಿದ್ದು ಡಬ್ಬಿ ಒಂದೇ.

ಕಟಕಟೆಯಲ್ಲಿ ನಿಂತ ಆಪಾರನ್ನು ಸರ್ಕಾರಿ ವಕೀಲರು ಕೇಳಿದರು: "ಒಳಗೆ ಊಟ ಮಾಡಿದ್ದು ನಿಮ್ಮ ಗಂಡನೇ ಅಂತ ಹೇಗೆ ಹೇಳ್ತೀರಿ?"

"ಕರಿಬೇವು ಎತ್ತಿಟ್ಟಿದ್ರು ಸ್ವಾಮಿ, ಮುಚ್ಚಳದಲ್ಲಿ."

"ಕೊನೆವರೆಗೂ ಎತ್ತಿಟ್ಟಿದ್ರಾ?"

ಶ್ರೀರಾಮಪ್ಪನವರು ಮುಖ ಮೇಲೆತ್ತಿದರು.

"ಇಲ್ಲ. ಮಾವಿನಕಾಯಿ ಇನ್ನೂ ಇತ್ತು, ಆವಾಗ್ಲೇ ನಿಂತುಹೋಯ್ತು. ಒಂದಿನ ಡಬ್ಬಿ ಪೂರಾ ಖಾಲಿ ಬಂತು. ಒಂದೆಲೆ ಇಲ್ಲ. ಮುನಿಯಲ್ಲಪ್ಪನವರು ದಿನಾ 'ಸಾರು ಚೆನ್ನಾಗಿತ್ತಂತೆ' ಅಂತಿದ್ರು. ಅವತ್ತು 'ಸಾರು ಚೆನ್ನಾಗಿತ್ತು' ಅಂದ್ರು. ಅಂತೆ ಅನ್ನಲಿಲ್ಲ. ಆಮೇಲೆ ಯಾವತ್ತೂ ಅನ್ನಲಿಲ್ಲ."

ತಾನೇ ತಿಂದವನಿಗೆ ಅಂತೆ ಬೇಕಿರಲಿಲ್ಲ. ಸೀಬೆಯ ಕಾಲದಲ್ಲಿ, ಅವರೆಯ ಕಾಲದಲ್ಲಿ, ರಂಜಾನಿನ ಖರ್ಜೂರ ಒಯ್ದಾಗ, ಎಲ್ಲ ಗೊತ್ತಿದ್ದೂ ಆಪಾ ಒಯ್ದಿದ್ದರು. ಗೋಡೆಯಾಚೆ ಮಲಗಿದ್ದ ನನಗೆ ಒಂದು ಮಾತು ಹೇಳಿರಲಿಲ್ಲ.

ಸರ್ಕಾರಿ ವಕೀಲರು ಜಡ್ಜರ ಕಡೆ ತಿರುಗಿ, "ಇದೆಲ್ಲ ಅಂತೆ ಕಂತೆ ಮಹಾಸ್ವಾಮಿ," ಎಂದರು. ಕೋರ್ಟಿನಲ್ಲಿ ಕೆಲವರು ನಕ್ಕರು. ಅಂತೆ ಇಲ್ಲದ್ದೇ ಆಕೆಯ ಸಾಕ್ಷಿ ಎಂದು ಶ್ರೀರಾಮಪ್ಪನವರು ಎದ್ದು ಹೇಳುವಷ್ಟರಲ್ಲಿ ಮುನಿಯಲ್ಲಪ್ಪನನ್ನು ಕರೆದಾಗಿತ್ತು. ಡಬ್ಬಿ ಇಸಿದುಕೊಂಡದ್ದು ನಿಜ, ಠಾಣೆಯಲ್ಲಿ ಯಾರ‍್ಯಾರೋ ಇರುತ್ತಾರೆ, ಯಾರಿಗೆ ಕೊಟ್ಟೆನೋ ಜ್ಞಾಪಕವಿಲ್ಲ ಎಂದು ಅವನು ಹೇಳಿದ. ಹೇಳುವಾಗ ಆಪಾರ ಕಡೆ ನೋಡಲಿಲ್ಲ. ಅವನಿಗೂ ಮಕ್ಕಳಿದ್ದರು, ಇನ್ನೂ ಸರ್ವಿಸು ಉಳಿದಿತ್ತು.

ಜಡ್ಜರು ಸಭ್ಯರು. ಆಪಾರಿಗೆ ಕೂತುಕೊಳ್ಳಲು ಕುರ್ಚಿ ಹಾಕಿಸಿದ್ದರು. ಅಂದು ಸಂಜೆಯ ನಂತರವೂ ಅನ್ವರ್ ಸಾಹೇಬರು ಠಾಣೆಯಲ್ಲಿದ್ದರೆಂದು ಸಾಬೀತಾಗಿಲ್ಲ ಎಂದು ಬರೆದರು. ತಮ್ಮಲ್ಲಿಲ್ಲದವನನ್ನು ತಂದು ತೋರಿಸಿ ಎಂದು ಸರ್ಕಾರಕ್ಕೆ ಹೇಳುವಂತಿಲ್ಲ ಎಂದು ಹೈಕೋರ್ಟಿನವರು ಅರ್ಜಿ ಮುಗಿಸಿದರು. ಇನ್ಸ್‌ಪೆಕ್ಟರಿಗೆ ಬೇರೆ ಊರಿಗೆ ವರ್ಗವಾಯಿತು, ಬಡ್ತಿಯ ಮೇಲೆ.

ಕರಿಬೇವಿನ ಹಾಗೆ ಬಳಸಿ ಬಿಸಾಡುವುದು ಎಂದು ನಮ್ಮಲ್ಲಿ ಒಂದು ಮಾತಿದೆ. ಆ ಮಾತನ್ನು ನಾನು ಈಗ ಆಡುವುದಿಲ್ಲ.

ಆಮೇಲಿನ ವರ್ಷಗಳಲ್ಲಿ ವಠಾರದ ಹಂಚು ಹೋಗಿ ತಾರಸಿ ಬಂತು. ಮೀಸೆ ಮತ್ತೆ ಬೆಳೆಯಿತು, ಹಿಂದಿನಷ್ಟೇ. ಆಪಾ ಟಾರ್ಪಾಲ್ ಹೊಲಿಯುತ್ತಲೇ ಇದ್ದಾರೆ. ಮೂಲೆಗೆ ಗಂಡನ ಗಂಟನ್ನು ಹಾಕುವುದಿಲ್ಲ, ಯಾರದೆಂದು ಗುರುತು ಸಿಗದಂಥ ಸಾದಾ ಹೊಲಿಗೆ. ಕತ್ತಿನ ಕರಿಮಣಿ ಹಾಗೇ ಇದೆ. ಜಮಾತಿನ ಹಿರಿಯರು ಬಂದು, ತೀರಿಹೋದನೆಂದು ಫಾತೆಹಾ ಓದಿಸಿಬಿಡೋಣ, ಗಂಡ ಸತ್ತವಳು ತಿಂಗಳುಗಟ್ಟಲೆ ಕೂರಬೇಕಾದ ಇದ್ದತ್ತೂ ಮುಗಿಯಲಿ, ಇನ್ನೂ ವಯಸ್ಸಿದೆ ಎಂದು ಎರಡು ಮೂರು ಸಲ ಹೇಳಿಹೋದರು. ಯಾವ ತಾರೀಖಿನಿಂದ ಇದ್ದತ್ತು ಕೂರಲಿ ಎಂದು ಆಪಾ ಕೇಳಿದರು. ಮಲ್ಕಾಳನ್ನು ಶಾಲೆಗೆ ಸೇರಿಸುವಾಗ ಮೇಷ್ಟರು ವಾಡಿಕೆಯಂತೆ, "ತಂದೆ ಇದ್ದಾರಾ?" ಎಂದರು. "ಪೊಲೀಸ್ನೋರನ್ನ ಕೇಳಿ," ಎಂದರು ಆಪಾ. ಜೊತೆಗೆ ಹೋಗಿದ್ದ ನಾನು ಮೇಷ್ಟರಿಗೆ ಏನೇನೋ ಹೇಳಿ ಸಮಾಧಾನ ಮಾಡಿದೆ. ಸಮಾಧಾನ ಬೇಕಿದ್ದದ್ದು ಮೇಷ್ಟರಿಗಲ್ಲ ಎಂಬುದು ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ಕಳೆದ ತಿಂಗಳು ನನಗೆ ಮದುವೆ ಗೊತ್ತಾಯಿತು. ಆರ್.ಟಿ. ನಗರದಲ್ಲಿ ಮನೆ ಹಿಡಿದಿದ್ದೇನೆ. ವಠಾರ ಬಿಡುವ ಮೊದಲು ಹೇಳಿಹೋಗಲೆಂದು ಆಪಾರ ಜಗಲಿಯಲ್ಲಿ ಕೂತೆ. ಅವರು ಮಡಿಲ ತುಂಬ ಟಾರ್ಪಾಲ್ ಹರಡಿಕೊಂಡು ಹೊಲಿಯುತ್ತಿದ್ದರು. ಹುಡುಗಿಯ ಊರು ಕೇಳಿದರು, ಅಡಿಗೆ ಬರುತ್ತದೆಯೇ ಎಂದು ಕೇಳಿದರು. ಅಡಿಗೆಯ ಮಾತು ಬಂದದ್ದಕ್ಕೋ ಏನೋ, ಇಷ್ಟು ವರ್ಷ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

"ಆಪಾ, ಕರಿಬೇವು ನಿಂತ ದಿನಾನೇ ನಿಮಗೆ ಗೊತ್ತಾಗಿತ್ತು. ಆಮೇಲೂ ಅಷ್ಟು ತಿಂಗಳು ಯಾರಿಗೆ ಅಂತ ಅಡಿಗೆ ಮಾಡಿ ಒಯ್ದ್ರಿ?"

ಕೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಆಪಾ ತಲೆಯೆತ್ತಲಿಲ್ಲ. ದಬ್ಬಳವನ್ನು ಆಚೆಯಿಂದ ಎಳೆದುಕೊಂಡರು.

"ಪೊಲೀಸ್ನೋರಿಗೆ. ಇಸ್ಕೊಂಡಷ್ಟು ದಿನ, ಒಳಗಿದ್ದಾರೆ ಅಂತ ಅವರೇ ಹೇಳ್ದಂಗಾಗ್ತಿತ್ತು. ನಾನು ನಿಲ್ಲಿಸಿದ್ರೆ, ಇಲ್ಲ ಅಂತ ನಾನು ಹೇಳ್ದಂಗೆ. ನಾನ್ಯಾಕೆ ಹೇಳ್ಲಿ ಭಯ್ಯಾ? ಕರ್ಕೊಂಡು ಹೋದೋರು ಹೇಳ್ಲಿ."